ಇನ್‌ಚಾರ್ಜ್ ಸಾಹೇಬರು

ಕುಷ್ಟಗಿ ಇರಲಿ, ಯಲಬುರ್ಗಾ ಇರಲಿ, ನಮ್ಮ ಕಡೆ ಕಚೇರಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು: ‘ಸಾಹೇಬ್ರು ಇಲ್ರೀ, ಇನ್‌ಚಾರ್ಜ್ ಅದಾರ.’ ಹೊಸದರಲ್ಲಿ ಇವರು ಕುರ್ಚಿಯ ತುದಿಗೆ ಕೂತು, ಸಹಿಯ ಕೆಳಗೆ ‘ಪ್ರಭಾರ’ ಎಂದು ಬರೆಯುತ್ತಾರೆ. ತಿಂಗಳು ಕಳೆದಂತೆ ಬೆನ್ನು ಕುರ್ಚಿಗೆ ಆನುತ್ತದೆ, ‘ಪ್ರಭಾರ’ ಓದಲಾಗದಷ್ಟು ಸಣ್ಣದಾಗುತ್ತದೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಗಂಗಾವತಿಯಿಂದ ಆನೆಗೊಂದಿಗೆ ಹೋಗಿ ಹೊಳೆ ದಾಟಿದರೆ ಹಂಪಿ. 1491ರಲ್ಲಿ ಸಾಳುವ ನರಸಿಂಹ ಸಾಯುವಾಗ ಎಳೆಯ ಮಕ್ಕಳನ್ನು ತುಳುವ ನರಸನಾಯಕನ ಉಡಿಗೆ ಹಾಕಿದ. ನಾಯಕ ರಾಜ್ಯವನ್ನೂ ಕಾಯ್ದ, ರಾಜಕುಮಾರನನ್ನು ಪೆನುಕೊಂಡೆಯಲ್ಲಿಟ್ಟು ಅವನನ್ನೂ ಕಾಯ್ದ! ನಾಯಕನ ಮಗ ವೀರನರಸಿಂಹ ಆ ಕಷ್ಟವನ್ನೇ ಇಟ್ಟುಕೊಳ್ಳಲಿಲ್ಲ. 1505ರಲ್ಲಿ ರಾಜಕುಮಾರನ ಕೊಲೆಯಾಯಿತು, ಸಿಂಹಾಸನ ತುಳುವರದಾಯಿತು. ನಾವು ಮೀಸೆ ತಿರುವಿ ನೆನೆಯುವ ಕೃಷ್ಣದೇವರಾಯ ಬಂದದ್ದೂ ಇದೇ ಬಾಗಿಲಿನಿಂದ.

ಅವನ ಅಳಿಯ ರಾಮರಾಯ ಇನ್ನೂ ಜಾಣ. ಪಟ್ಟಕ್ಕೆ ಸದಾಶಿವರಾಯ, ಆಳ್ವಿಕೆಗೆ ತಾನು. ಕೊನೆಕೊನೆಗೆ ರಾಯನ ದರ್ಶನ ಪ್ರಜೆಗಳಿಗೆ ವರ್ಷಕ್ಕೊಮ್ಮೆ, ಜಾತ್ರೆಯ ಉತ್ಸವಮೂರ್ತಿಯ ಹಾಗೆ. ಆದರೆ 1565ರ ಯುದ್ಧದಲ್ಲಿ ತಲೆ ಹೋದದ್ದು ರಾಮರಾಯನದು. ಕೆಲಸವಿಲ್ಲದ ರಾಜ ಬದುಕಿಕೊಂಡ.

ಕೊಪ್ಪಳಕ್ಕಂತೂ ಇಂಥವರೇ ಜಹಗೀರುದಾರರು. 1869ರಲ್ಲಿ ನಿಜಾಮ ತೀರಿಕೊಂಡಾಗ ಮಗ ಮಹಬೂಬ್ ಅಲಿಗೆ ಮೂರು ವರ್ಷವೂ ತುಂಬಿರಲಿಲ್ಲ. ರಾಜ್ಯಭಾರ ಹೊತ್ತವರಲ್ಲಿ ಮುಖ್ಯನು ನಮ್ಮ ಜಹಗೀರುದಾರ ಸಾಲಾರ್ ಜಂಗ್. 1883ರಲ್ಲಿ ಅವನೇ ತೀರಿಕೊಂಡ. ಮರುವರ್ಷ ಹುಡುಗನಿಗೆ ಅಧಿಕಾರ ಬಂತು.

ಮರಳಿ ಕೊಟ್ಟವರೂ ಇದ್ದಾರೆ. ಮೈಸೂರಿನ ಕೆಂಪನಂಜಮ್ಮಣ್ಣಿ ಗಂಡ ಸತ್ತ ಮೇಲೆ ಮಗನ ಪರವಾಗಿ ರಾಜ್ಯ ನೋಡಿಕೊಂಡರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದ 1902ರಲ್ಲೇ ನಾಲ್ವಡಿಯವರ ಕೈಗೆ ರಾಜ್ಯ ಒಪ್ಪಿಸಿ ಹಿಂದೆ ಸರಿದರು.

ಈಗ ರಾಜರಿಲ್ಲ, ಅಧ್ಯಕ್ಷೆಯರಿದ್ದಾರೆ. ಪಂಚಾಯ್ತಿಯ ಫಲಕದಲ್ಲಿ ಆಕೆಯ ಹೆಸರು, ಕುರ್ಚಿಯಲ್ಲಿ ಯಜಮಾನರು. ‘ಅಧ್ಯಕ್ಷರು ಅಂದ್ರ ನಮ್ಮ ಮನಿಯಾಕಿನೇರೀ, ಏನ್ ಕೆಲಸ ಹೇಳ್ರಿ’ ಅನ್ನುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾದರೂ ನಾವು ಅವರಿಗೇ ಕೈಮುಗಿದು ಅರ್ಜಿ ಕೊಟ್ಟು ಬರುತ್ತೇವೆ. ರಾಮರಾಯನಿಗೂ ಬಲ ಬಂದದ್ದು ಹೀಗೆ ಕೈಮುಗಿದವರಿಂದಲೇ. ಮುಂದಿನ ಸಲ ಪಂಚಾಯ್ತಿಗೆ ಹೋದಾಗ ಅರ್ಜಿಯನ್ನು ಕಿಸೆಯಲ್ಲೇ ಇಟ್ಟುಕೊಂಡು, ‘ಅಧ್ಯಕ್ಷರು ಬರ್ಲಿ ಬಿಡ್ರಿ, ಕಾಯ್ತೀವಿ’ ಅಂದು ನೋಡಿ.