ಕಾಕಾನ ಇಎಸ್‌ಆರ್ ಎಷ್ಟ್ರೀ?

2006ರ ಚಿಕೂನ್‌ಗುನ್ಯಾ ಕಲಬುರಗಿ ಜಿಲ್ಲೆಯ ಮಂದಿಯನ್ನು ನಡು ಬಗ್ಗಿಸಿ ನಡೆಸಿತು. ಆಳಂದ, ಅಫಜಲಪುರ, ಜೇವರ್ಗಿ ಕಟ್ಟೆಗಳ ಮೇಲೆ ಈಗಲೂ ತೊಗರಿ ದರ ಮುಗಿದ ಕೂಡಲೇ ಕೀಲುಬ್ಯಾನಿ ಮಾತು.

“ಕಾಕಾ, ನಿಮ್ಮ ಇಎಸ್‌ಆರ್ ಎಷ್ಟ್ರೀ?”

“ನಲವತ್ತು!” ಎಕರೆ ಲೆಕ್ಕ ಹೇಳಿದಂಥ ಠೀವಿ.

“ನಂದು ಅರವತ್ತೈದೈತಿ ನೋಡ್ರಿ” ಎಂದವನಿಗೆ ಎಲ್ಲರೂ ಸರಿದು ಜಾಗ ಬಿಡುತ್ತಾರೆ.

ಇಎಸ್‌ಆರ್ ಅಂದರೆ ರಕ್ತದ ಕೆಂಪುಕಣ ಇಳಿಯುವ ವೇಗ. ಅದನ್ನು ಅಳೆಯಲು ಲ್ಯಾಬಿನವರು ಮಾಡುವುದು ಇಷ್ಟೇ: ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಸಣ್ಣ ನಳಿಕೆಯಲ್ಲಿ ನೆಟ್ಟಗೆ ನಿಲ್ಲಿಸಿ, ತಾಸು ಬಿಟ್ಟು ಕೆಂಪುಕಣ ಎಷ್ಟು ಮಿಲಿಮೀಟರ್ ಇಳಿದವೆಂದು ನೋಡುವುದು. ಉರಿಯೂತವಿದ್ದರೆ ಫೈಬ್ರಿನೋಜೆನ್ ಹೆಚ್ಚಿ, ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ. ಉರಿ ಮೊಣಕಾಲಿನದೋ ಶ್ವಾಸಕೋಶದ್ದೋ, ಇಎಸ್‌ಆರ್ ಬಾಯಿ ಬಿಡುವುದಿಲ್ಲ. ರಕ್ತ ಕಡಿಮೆಯಿದ್ದರೂ, ಬಸಿರಿದ್ದರೂ, ವಯಸ್ಸಾದರೂ ಏರುತ್ತದೆ. ಕಾಕಾನ ನಲವತ್ತರಲ್ಲಿ ಮುಪ್ಪಿನ ಪಾಲೂ ಇದೆ, ಹೇಳಿದರೆ ಸಿಟ್ಟು!

ಯಕೃತ್ತು ತಯಾರಿಸುವ ಸಿಆರ್‌ಪಿ ಎಂಬ ಪ್ರೋಟೀನ್ ಇದಕ್ಕಿಂತ ಚುರುಕು. ಕೆಲವೇ ತಾಸಿನಲ್ಲಿ ಏರುತ್ತದೆ, ಉರಿ ತಗ್ಗಿದರೆ ಬೇಗ ಇಳಿಯುತ್ತದೆ. ರೋಗದ ಹೆಸರು ಮಾತ್ರ ಅದೂ ಹೇಳದು.

ಕಾಕಾ, ಆ ಲ್ಯಾಬಿನ ಚೀಟಿ ಕಟ್ಟೆ ಮಂದಿಗೆ ತೋರ್ಸಿದ್ದು ಸಾಕು, ಇನ್ನ ಡಾಕ್ಟರಿಗೆ ತೋರಿಸ್ರಿ.