ಬೈರಿಗೆ ಕೆಳಗಿಡಣ್ಣ

ಬೇಲಿಯಾಚೆ ಬೈರಿಗೆ ಸದ್ದು ಕೇಳಿ ಎದ್ದು ಬಂದೆ. ಅಪ್ಪನ ಕಾಲದ ಕೇಪಿನ ಕೋವೀನ ತೊಡೆ ಮೇಲೆ ಅಡ್ಡ ಮಲಗಿಸ್ಕೊಂಡು ಕೂತಿದ್ದೀಯಲ್ಲ, ಏನಣ್ಣ ಇದು?

ಬೆಲ್ಟಿಗೆ ತಿರುಗುಣಿ ಕೊಂಡಿ ಹಾಕ್ಬೇಕಾ? ಬೆಲ್ಟು ಬೇಡ ಅನ್ನಲ್ಲ. ರಾತ್ರಿ ಕಬ್ಬಿನ ಗದ್ದೇಲಿ ಹಂದಿ ಬೆದರಿಸೋಕೆ ಒಂದ್ಕೈಲಿ ಬ್ಯಾಟ್ರಿ, ಇನ್ನೊಂದ್ಕೈಲಿ ಕೋವಿ ಹಿಡ್ಕೊಂಡು ಬದು ಮೇಲೆ ನಡೆಯೋ ಕಷ್ಟ ನಂಗೂ ಗೊತ್ತು. ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಸೋಕೆ ಹೊತ್ಕೊಂಡು ಹೋಗೋದೂ ಅಷ್ಟೇ ಪಾಡು. ಆದ್ರೆ ಆ ಬೈರಿಗೆ ಕೆಳಗಿಡು.

ಮದ್ದು ಜಡಿಯೋ ಗಜ ಈಚೆಗೆ ಎಳಿ. ಈಗ ನೋಡು, ನಳಿಗೆಗೂ ಗಜ ಕೂರೋ ತೋಡಿಗೂ ನಡುವೆ ಎಷ್ಟು ಮರ ಐತೆ? ಬೆರಳು ದಪ್ಪಾನೂ ಇಲ್ಲ. ಮುಂದಿನ ಕೊಂಡಿಯ ತಿರುಪು ಅಷ್ಟರಲ್ಲೇ ಅಡ್ಡ ಹಾಯ್ಬೇಕು. ಬೈರಿಗೆ ಒಂಚೂರು ಮೇಲಕ್ಕೆ ವಾಲಿದ್ರೆ ನಳಿಗೆ ಕೊರೀತದೆ, ಕೆಳಕ್ಕೆ ವಾಲಿದ್ರೆ ತಿರುಪು ಅಡ್ಡ ಬಂದು ಗಜ ಒಳಕ್ಕೇ ಹೋಗಲ್ಲ. ಮದ್ದು ಉರಿದಾಗ ಅಷ್ಟು ಒತ್ತಡಾನೂ ತಡ್ಕೊಳ್ಳೋದು ಆ ನಳಿಗೆ ಕಣಣ್ಣ. ನಿನ್ನ ಮುಖ ಇರೋದು ಅದರ ಪಕ್ಕದಲ್ಲೇ.

ಇಂಗ್ಲಿಷರ ಬ್ರೌನ್ ಬೆಸ್ ಬಂದೂಕಿಗೆ ಈ ಕೊಂಡಿ ಇತ್ತು. ಒಂದು ಮುಂದಿನ ಮರದಲ್ಲಿ, ಇನ್ನೊಂದು ಟ್ರಿಗರ್ ಕಾಪಿನ ಮುಂದೆ. ಅದಕ್ಕೆ ಮಾಡುವಾಗಲೇ ಜಾಗ ಬಿಟ್ಟಿದ್ರು. ಟಿಪ್ಪು ಕಾರ್ಖಾನೇಲೂ ಎಂಥ ಬಂದೂಕು ಮಾಡ್ತಿದ್ರು ಅಂತೀಯ! ಹುಲಿ ಮುಖ, ಹುಲಿಪಟ್ಟೆ, ಕೆಲವದರ ಮೇಲೆ ‘ಪಟ್ಟಣ’ ಅಂತ ನಮ್ಮೂರ ಹೆಸರು. 1799ರಲ್ಲಿ ಕೋಟೆ ಬಿದ್ದ ಮೇಲೆ ಎಷ್ಟೋ ಬಂದೂಕು ಸೀಮೆಗೆ ಹೋದ್ವು. ಅದನ್ನ ನೆನೆದ್ರೆ ನಂಗೆ ಇವತ್ತಿಗೂ ಹೊಟ್ಟೆ ಉರೀತದೆ. ಮನೇಲಿ ಉಳ್ಕೊಂಡಿರೋ ಒಂದು ಹಳೇ ಕೋವಿಗೆ ನಾವೇ ತೂತು ಹೊಡೆಯೋದಾ?

ಕೊಂಡೀನೇ ಬೇಕು ಅಂದ್ರೆ ಲೈಸೆನ್ಸ್ ಇರೋ ರಿಪೇರಿಯವರ ಹತ್ರ ಒಯ್ಯಿ. 1959ರ ಆಯುಧ ಕಾಯ್ದೆ ಪ್ರಕಾರ ಕೋವಿ ರಿಪೇರಿ ಕಸುಬಿಗೂ ಲೈಸೆನ್ಸ್ ಬೇಕು.

ನನ್ನ ಕೇಳಿದ್ರೆ ತೊಗಲು ಸಾಕು. ಹಿಂದಿನ ಮರದ ಬುಡಕ್ಕೆ ಅಗಲವಾದ ತೊಗಲಿನ ಪಟ್ಟಿ ಸುತ್ತಿ, ಬೂಟಿನ ಹಾಗೆ ಲಾಡಿ ಹಾಕಿ ಬಿಗಿ. ಮುಂದೆ ಒಂದು ಕುಣಿಕೆ. ಅದು ಗಜಾನ ಕಚ್ಚಬಾರದು, ಗಜ ಸಲೀಸಾಗಿ ಈಚೆಗೆ ಬರ್ಬೇಕು. ಇನ್ನೊಂದು ಮಾತು, ಹೆಗಲಿಗೆ ಹಾಕ್ಕೊಂಡು ನಡೆಯುವಾಗ ಕೇಪು ಹಾಕಿರಬೇಡ. ಇದನ್ನ ಮಾತ್ರ ಮರೀಬೇಡಣ್ಣ.

ತಡಿ, ಅಳತೆಗೆ ಗೋಣಿದಾರ ತರ್ತೀನಿ. ನಿಂತ್ಕೋ. ಹೆಗಲ ಮೇಲಿಂದ ಹಾಕು. ಉದ್ದ ಆಯ್ತು, ನಾಲ್ಕು ಬೆರಳು ಕಮ್ಮಿ ಮಾಡು. ಹ್ಞಾ, ಅಲ್ಲಿಗೆ ಗಂಟು ಹಾಕು.