ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ

ಬೆಂಗಳೂರಿನ ಆಟೊದವರ ಬಳಿ ಮೊದಲು ಎರಡೇ ಉತ್ತರ ಇದ್ದವು: 'ಬರಲ್ಲ', ಇಲ್ಲವೇ 'ಮೇಲೆ ಐವತ್ತು ಕೊಡಿ'. ಈಗ ಮೂರನೆಯದು ಬಂದಿದೆ, 'ಲೊಕೇಶನ್ ಹಾಕಿ ಸಾರ್'. ಹನುಮಂತನಗರದಲ್ಲೇ ಹುಟ್ಟಿ ಬೆಳೆದವರೂ ಪಕ್ಕದ ಗಾಂಧಿ ಬಜಾರಿಗೆ ಲೊಕೇಶನ್ ಕೇಳುತ್ತಾರೆ. ಹಿಂದೆ ಕೂತ ನಾವೇನು ಕಡಿಮೆ? ಫೋನು ತೆಗೆದು ನಾವೂ ಅದೇ ದಾರಿ ನೋಡುತ್ತೇವೆ. ಎರಡೂ ಫೋನಿನಲ್ಲಿ ಒಬ್ಬಳೇ ಹೆಂಗಸು ಮಾತಾಡುತ್ತಾಳೆ. ಅವಳಿಗೆ ಬನಶಂಕರಿ ಎನ್ನಲು ನಾಲಗೆ ಹೊರಳದು, ಆದರೂ ಬನಶಂಕರಿಗೆ ದಾರಿ ಅವಳೇ ಹೇಳಬೇಕು.

ಲಗ್ನಪತ್ರಿಕೆಯ ಹಿಂಬದಿಯಲ್ಲಿ ಒಂದು ಕಾಲಕ್ಕೆ ನಕ್ಷೆ ಇರುತ್ತಿತ್ತು. ಆಂಜನೇಯನ ಗುಡಿ, ರೈಲ್ವೆ ಗೇಟು, ಪೆಟ್ರೋಲ್ ಬಂಕು, ಕೊನೆಗೆ ಬಾಣದ ಗುರುತಿನ ಛತ್ರ. ಈಗ ಅಲ್ಲಿ ಕ್ಯೂಆರ್ ಕೋಡ್ ಇದೆ. ಅತಿಥಿಗಳು ಸರಿಯಾದ ಹೊತ್ತಿಗೇ ಬಂದು ಉಣ್ಣುತ್ತಾರೆ. ಕೈ ತೊಳೆಯುವಾಗ 'ಇದು ಯಾವ ಏರಿಯಾ?' ಎಂದು ಕೇಳುತ್ತಾರೆ.

ಲಂಡನ್ನಿನ ಕಪ್ಪು ಟ್ಯಾಕ್ಸಿಯವರು ಇನ್ನೂ ಹಟ ಬಿಟ್ಟಿಲ್ಲ. ಚೇರಿಂಗ್ ಕ್ರಾಸ್‌ನಿಂದ ಎಲ್ಲ ದಿಕ್ಕಿಗೂ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡದೆ ಲೈಸೆನ್ಸ್ ಸಿಗುವುದಿಲ್ಲ. ಅವರ ಮಿದುಳಿನಲ್ಲಿ ದಾರಿಯ ನೆನಪು ನೋಡಿಕೊಳ್ಳುವ ಹಿಪೊಕ್ಯಾಂಪಸ್‌ನ ಹಿಂಭಾಗ ಇತರರದಕ್ಕಿಂತ ದೊಡ್ಡದಿರುವುದನ್ನು ನರವಿಜ್ಞಾನಿ ಎಲಿನಾರ್ ಮ್ಯಾಗ್ವೈರ್ ತಂಡ 2000ದಲ್ಲಿ ತೋರಿಸಿತು. ಹುಟ್ಟಿನಿಂದಲೇ ಹಾಗಿತ್ತೇನೋ ಎಂಬ ಅನುಮಾನಕ್ಕೆ 2011ರಲ್ಲಿ ಉತ್ತರ ಸಿಕ್ಕಿತು: ಕಲಿಯಲು ಬಂದವರಲ್ಲಿ ಪಾಸಾದವರಿಗೆ ಮಾತ್ರ ಅದು ಬೆಳೆದಿತ್ತು. ಇನ್ನು 2017ರ ಪ್ರಯೋಗವಂತೂ ನಮ್ಮನ್ನೇ ನೋಡಿ ಮಾಡಿದಂತಿದೆ. ಪರದೆಯ ಮೇಲಿನ ಲಂಡನ್ನಿನ ಸೋಹೊ ಬೀದಿಗಳಲ್ಲಿ ತಾವೇ ದಾರಿ ಹುಡುಕುವಾಗ ಜನರ ಹಿಪೊಕ್ಯಾಂಪಸ್ ಹೊಸ ಬೀದಿ ಹೊಕ್ಕಾಗಲೆಲ್ಲ ಚುರುಕಾಯಿತು. ಯಂತ್ರ ಹೇಳಿದಂತೆ ನಡೆಯುವಾಗ ಅದು ಬೀದಿಗಳ ಗೊಡವೆಗೇ ಹೋಗಲಿಲ್ಲ, ಮಧ್ಯಾಹ್ನದ ಸರ್ಕಾರಿ ಕಚೇರಿಯ ಹಾಗೆ.

ಒಂದು ಮಾತು ಒಪ್ಪಬೇಕು. ನೆನಪಿಟ್ಟುಕೊಳ್ಳೋಣ ಎಂದರೆ ಊರೂ ನಿಂತಲ್ಲಿ ನಿಲ್ಲಬೇಕಲ್ಲ? ಬೆಂಗಳೂರಿನ ಮೆಜೆಸ್ಟಿಕ್‌ಗೆ ಹೆಸರು ಕೊಟ್ಟ ಟಾಕೀಸು ಇಲ್ಲ, ಬಸ್ ನಿಲ್ದಾಣದ ಜಾಗದಲ್ಲಿದ್ದ ಧರ್ಮಾಂಬುಧಿ ಕೆರೆ ಮೊದಲೇ ಇಲ್ಲ. ಹಳೇ ದಾರಿ ನೆನಪಿರುವುದು ಮಳೆನೀರಿಗೆ ಮಾತ್ರ. ಅದು ಯಾರನ್ನೂ ಲೊಕೇಶನ್ ಕೇಳದೆ ನೇರ ಬೇಸ್‌ಮೆಂಟಿಗೆ ಇಳಿಯುತ್ತದೆ.

ಹಳ್ಳಿಗಳಲ್ಲಿ ಮೂಡಲ ಹೊಲ, ಪಡುವಣ ಓಣಿ ಎಂದು ದಿಕ್ಕು ಹಿಡಿದೇ ಮಾತಾಡುತ್ತಿದ್ದರು. ದೂರಕ್ಕೆ ಕೂಗಳತೆ ಸಾಕಾಗಿತ್ತು. ನಗರದಲ್ಲಿ ದಿಕ್ಕು ಉಳಿದಿರುವುದು ವಾಸ್ತುವಿನಲ್ಲಷ್ಟೇ. ಪೂರ್ವದ ಬಾಗಿಲೇ ಬೇಕೆಂದು ಲಕ್ಷಗಟ್ಟಲೆ ಹೆಚ್ಚು ತೆತ್ತ ಯಜಮಾನರೊಬ್ಬರ ಗೃಹಪ್ರವೇಶ. ಪುರೋಹಿತರು 'ಪೂರ್ವಕ್ಕೆ ಮುಖ ಮಾಡಿ' ಎಂದರು. ಬೆಳಗಿನ ಬಿಸಿಲು ನೆತ್ತಿಗೇರದೆ ಕಣ್ಣಿಗೇ ಹೊಡೆಯುತ್ತಿತ್ತು. ಯಜಮಾನರು ಕಣ್ಣು ಕಿರಿದು ಮಾಡಿಕೊಂಡು ಜೇಬಿನಿಂದ ಫೋನು ತೆಗೆದು ದಿಕ್ಸೂಚಿ ಒತ್ತಿದರು. 'ಫೋನನ್ನು ಎಂಟರ ಆಕಾರದಲ್ಲಿ ಆಡಿಸಿ' ಎಂದು ಅಪ್ಪಣೆಯಾಯಿತು. ಆಡಿಸಿದರು. ಅಕ್ಷತೆ ಹಿಡಿದು ನಿಂತಿದ್ದ ನೆಂಟರು ಅದೂ ಒಂದು ಶಾಸ್ತ್ರವಿರಬೇಕೆಂದು ಕೈಮುಗಿದರು.